ಆಟದ ಹೆಸರಿನ ಜಗಳ

ಥಾಯ್ಲೆಂಡಿನ ಗಡಿಯಂಚಿನ ಸುರಿನ್ ಜಿಲ್ಲೆಯ ಒಂದು ಅಕ್ಕಿ ಗಿರಣಿಯ ಹಿಂದೆ, ತಗಡಿನ ಶೆಡ್ಡಿನಲ್ಲಿ ವಿಪಾ ಗುದ್ದು, ಒದೆ, ಮೊಣಕೈ ಏಟಿನ ಕಾಳಗ ಕಲಿತಳು. ಮನೆಯಲ್ಲಿ ಅಜ್ಜಿಯ ಜೊತೆ ಖ್ಮೇರ್ ಮಾತು, ಹೊರಗೆ ಥಾಯ್. ಗಡಿಯ ಈ ಕಡೆ ಆ ಕಾಳಗಕ್ಕೆ ಮುಯ್ ಥಾಯ್ ಅನ್ನುತ್ತಾರೆ, ಆ ಕಡೆ ಕಾಂಬೋಡಿಯಾದಲ್ಲಿ ಕುನ್ ಖ್ಮೇರ್. ಮೊಣಕೈ ಏಟು ಎರಡೂ ಕಡೆ ಒಂದೇ.

ಆ ವರ್ಷ ಆಗ್ನೇಯ ಏಷ್ಯಾ ಒಕ್ಕೂಟದ ರಾಷ್ಟ್ರಗಳ ಕ್ರೀಡಾಕೂಟ ಕಾಂಬೋಡಿಯಾದ ರಾಜಧಾನಿ ಫ್ನಾಮ್ ಪೆನ್ನಿನಲ್ಲಿ ನಡೆಯಲಿತ್ತು. ವಿಪಾ ಥಾಯ್ ತಂಡಕ್ಕೆ ಆಯ್ಕೆಯಾದಳು. ಕಾಂಬೋಡಿಯಾದಿಂದ ಸ್ರೈನಾಂಗ್ ಕಣಕ್ಕಿಳಿಯುತ್ತಾಳೆಂದು ಗೊತ್ತಿತ್ತು. ಹಿಂದೊಮ್ಮೆ ಗಡಿಪೇಟೆಯ ಪಂದ್ಯದಲ್ಲಿ ವಿಪಾಳನ್ನು ಸೋಲಿಸಿದವಳು ಅವಳೇ. ಆ ಸೇಡು ತೀರಿಸಿಕೊಳ್ಳಲೆಂದೇ ವಿಪಾ ಮದುವೆಯ ಮಾತನ್ನು ಮುಂದೂಡಿ, ಹಬ್ಬಕ್ಕೂ ರಜೆ ಹಾಕದೆ ಬೆವರು ಹರಿಸಿದ್ದಳು.

ಅಷ್ಟರಲ್ಲಿ ಹೆಸರಿನ ಜಗಳ ಶುರುವಾಯಿತು. ಆತಿಥೇಯರು ಆಟವನ್ನು ಕುನ್ ಖ್ಮೇರ್ ಎಂದೇ ಕರೆಯುತ್ತೇವೆ ಎಂದರು. ಹಾಗಾದರೆ ನಾವು ಬರುವುದಿಲ್ಲ ಎಂದರು ಥಾಯ್ ಕಡೆಯವರು. ಆಟ ತಮ್ಮದೇ ಎನ್ನಲು ಎರಡೂ ಕಡೆಯ ದೊಡ್ಡವರು ಹಳೆಯ ಗುಡಿಗಳ ಕೆತ್ತನೆಗಳನ್ನು ಸಾಕ್ಷಿಗೆ ಎಳೆದು ತಂದರು. ಒಕ್ಕೂಟದ ಕಚೇರಿ ಮಾತ್ರ, ಸದಸ್ಯ ರಾಷ್ಟ್ರಗಳೇ ಒಮ್ಮತಕ್ಕೆ ಬರಲಿ ಎಂದು ಕೈತೊಳೆದುಕೊಂಡಿತು. ಅದೇ ವಾರ ಒಕ್ಕೂಟದ ಶೃಂಗಸಭೆಯಲ್ಲಿ ನಾಯಕರೆಲ್ಲ ಕೈಗೆ ಕೈ ಹೆಣೆದು ನಗುತ್ತ ನಿಂತದ್ದನ್ನು ಟೀವಿಯಲ್ಲಿ ನೋಡಿ ವಿಪಾಳಿಗೆ ಮೈಯೆಲ್ಲ ಉರಿಯಿತು.

ಮಾರನೆಯ ದಿನ ಕ್ರೀಡಾ ಸಮಿತಿಯ ಅಧಿಕಾರಿಯೊಬ್ಬ ಕ್ಯಾಮೆರಾದವನನ್ನು ಕರೆದುಕೊಂಡು ಶೆಡ್ಡಿಗೇ ಬಂದ.

"ದೇಶದ ಮರ್ಯಾದೆಗೋಸ್ಕರ ನಾನೇ ಮನಸಾರೆ ಹಿಂದೆ ಸರಿದೆ ಅಂತ ಹೇಳ್ಬಿಡಮ್ಮ ತಂಗಿ. ಎರಡೇ ಮಾತು, ಸಾಕು."

"ನನ್ನನ್ನ ಯಾರು ಕೇಳಿದ್ರು ಸಾರ್, ಹಿಂದೆ ಸರೀತೀಯಾ ಅಂತ?"

"ಇದೆಲ್ಲ ದೊಡ್ಡೋರ ವಿಚಾರ. ನಿಂಗೆ ಅರ್ಥ ಆಗಲ್ಲ."

"ಏಟು ತಿನ್ನೋಳು ನಾನು. ನೋವಾಯ್ತು ಅಂತ ಅಳ್ತಿರೋರು ನೀವು. ಅದು ನಿಜವಾಗ್ಲೂ ಅರ್ಥ ಆಗ್ತಿಲ್ಲ."

ಕಾಳಗ ಕಲಿಸಿದ ಮೇಷ್ಟ್ರು ಸೊಂಬುನ್ ಅವಳ ಭುಜ ಹಿಡಿದು ಸುಮ್ಮನಿರಲು ಹೇಳಿದರು. ವಿಪಾ ಸರಿ ಎಂದು ಕ್ಯಾಮೆರಾ ಮುಂದೆ ನಿಂತಳು. ಆದರೆ ಮಾತಾಡಿದ್ದು ಅಜ್ಜಿಯ ಭಾಷೆಯಲ್ಲಿ. ಬ್ಯಾಂಕಾಕಿನ ಅಧಿಕಾರಿಗೆ ಒಂದಕ್ಷರವೂ ತಿಳಿಯದೆ, ಊರಿನ ಭಾಷೆಯಲ್ಲಿ ದೇಶಭಕ್ತಿ ಹೇಳುತ್ತಿದ್ದಾಳೆಂದುಕೊಂಡು ತಲೆದೂಗುತ್ತಿದ್ದ.

ಅವಳು ಹೇಳಿದ್ದು ಇಷ್ಟು: "ಸ್ರೈನಾಂಗ್, ನಾನು ಹೆದರಿ ನಿಂತಿಲ್ಲ ಕಣೇ. ನನ್ನನ್ನ ತಡೆದು ನಿಲ್ಸಿದಾರೆ. ನಮ್ಮೋರೂ ಸೇರಿ, ನಿಮ್ಮೋರೂ ಸೇರಿ."

ಕ್ಯಾಮೆರಾದವನೂ ಸುರಿನ್ನಿನವನೇ, ಖ್ಮೇರ್ ಬಲ್ಲವ. ಅಧಿಕಾರಿಗೆ ಏನೂ ಹೇಳದೆ ಅದನ್ನು ಹಾಗೇ ಜಾಲತಾಣದಲ್ಲಿ ಹರಿಬಿಟ್ಟ. ಸಂಜೆಯೊಳಗೆ ಗಡಿಯ ಎರಡೂ ಕಡೆ ಜನ ಅದನ್ನು ನೋಡಿದರು. ಈ ಕಡೆಯವರು ವಿಪಾಳನ್ನು ದೇಶದ್ರೋಹಿ ಎಂದು ಬೈದರು, ಅಜ್ಜಿಯನ್ನೂ ಬಿಡಲಿಲ್ಲ. ಸಮಿತಿ ವಿಪಾಳನ್ನು ರಾಷ್ಟ್ರೀಯ ತಂಡದಿಂದ ಕಿತ್ತುಹಾಕಿತು.

ಫ್ನಾಮ್ ಪೆನ್ನಿನಲ್ಲಿ ಫೈನಲಿನಲ್ಲಿ ಬೇರೆ ದೇಶದ ಎದುರಾಳಿ ಗಾಯಗೊಂಡು ಕಣಕ್ಕಿಳಿಯದೆ, ಸ್ರೈನಾಂಗ್‌ಗೆ ಚಿನ್ನ ಪುಕ್ಕಟೆಯಾಗಿ ಬಂತು. ಅವಳೇ ವಿಪಾಳಿಗೆ ಫೋನು ಮಾಡಿದಳು. ಹೊಡೆಯದೆ ಬಂದ ಪದಕ ಕೊರಳಿಗೆ ಹಾಕಿಕೊಳ್ಳಲು ನಾಚಿಕೆಯಾಗುತ್ತದೆ, ಮಂತ್ರಿಗಳ ಜೊತೆ ಫೋಟೋಕ್ಕೆ ನಗಬೇಕಾಯಿತು ಎಂದು ಅತ್ತಳು. ವಿಪಾಳಿಗೂ ಅಳು ಬಂತು, ಸಿಟ್ಟಿನ ಅಳು.

ಮುಂದಿನ ಬೇಸಿಗೆಯಲ್ಲಿ ಇಬ್ಬರೂ ಕೈಯಿಂದ ಖರ್ಚು ಹಾಕಿಕೊಂಡು ಲಾವೋಸಿನ ಪಾಕ್ಸೆಗೆ ಹೋದರು. ಅಲ್ಲಿಯ ಪಂದ್ಯದ ಯಜಮಾನ ಗೋಡೆಗೆ ಹಚ್ಚಿದ್ದ ಪೋಸ್ಟರಿನಲ್ಲಿ ಅದೇ ಆಟಕ್ಕೆ ಮುಯ್ ಲಾವೋ ಎಂದಿತ್ತು. ಅದನ್ನು ನೋಡಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಐದು ಸುತ್ತೂ ಕಾದಾಡಿದರು. ವಿಪಾಳ ಹುಬ್ಬು ಸೀಳಿತು, ಅಂಕದಲ್ಲಿ ಅವಳೇ ಸೋತಳು. ಆಮೇಲೆ ಒಂದೇ ಬುಟ್ಟಿಯಿಂದ ಅಂಟಕ್ಕಿಯ ಅನ್ನ, ಸುಟ್ಟ ಕೋಳಿ ತಿನ್ನುವಾಗ ಸ್ರೈನಾಂಗ್, ಬೇಜಾರಾಯಿತೇ ಎಂದು ಕೇಳಿದಳು.

"ನಿನ್ನ ಕೈಲಿ ಸೋತಿದ್ದಕ್ಕೆ ಬೇಜಾರಿಲ್ಲ," ಎಂದಳು ವಿಪಾ. "ಆದ್ರೆ ಆ ಕೂಟ ನಂದು ಕಣೇ. ಅದನ್ನ ಕಿತ್ಕೊಂಡು ಟೀವೀಲಿ ಕೈ ಕೈ ಹಿಡ್ಕೊಂಡು ನಕ್ಕರಲ್ಲ, ಅವರನ್ನ ಮಾತ್ರ ನಾನು ಕ್ಷಮಿಸೋಳಲ್ಲ."