ಕರೆಂಟ್ ಹೋಗೂದು ಸುದ್ದಿ ಏನಲ್ಲ

ಕಂಪ್ಯೂಟರಿಗೆ ಪ್ರಶ್ನೆ ಕೇಳುವುದರಲ್ಲಿ ವಂದನಾಳ ಸರಿಸಮ ಗೋಕಾಕದಲ್ಲಿ ಇನ್ನೊಬ್ಬರಿಲ್ಲ ಎಂದು ಹಾಲಿನ ಸಂಘದ ಆಫೀಸಿನಲ್ಲಿ ಎಲ್ಲರೂ ಒಪ್ಪಿದ್ದರು. ಎಲ್ಲರಿಗಿಂತ ಮೊದಲು ಒಪ್ಪಿದವಳು ವಂದನಾಳೇ. ಕಲ್ಲೋಳಿಯಿಂದ ದಿನಾ ಬಸ್ಸಿಗೆ ಬರುವ ಈ ಹುಡುಗಿ ಕುರ್ಚಿ ಎಳೆದು ಕೂತರೆ ಮ್ಯಾನೇಜರ್ ಶಿದ್ಲಿಂಗಪ್ಪನವರೂ ಚಹಾದ ಕಪ್ಪು ಹಿಡಿದುಕೊಂಡು ಬೆನ್ನ ಹಿಂದೆ ನಿಲ್ಲುತ್ತಿದ್ದರು.

ಎರಡು ಸಾವಿರದ ಮೂರರ ಸುಮಾರಿಗೆ ಸಂಘದವರು ಮೂಡಲಗಿ, ಕಲ್ಲೋಳಿ, ಘೋಡಗೇರಿ ಎಂದು ಊರೂರಿಗೆ ಹಾಲು ತಂಪು ಮಾಡುವ ಉಕ್ಕಿನ ಟ್ಯಾಂಕು ಇಟ್ಟಿದ್ದರು. ಒಂದೊಂದಕ್ಕೂ ಒಂದು ಸಣ್ಣ ಪೆಟ್ಟಿಗೆ. ಹಾಲು ಎಷ್ಟು ತಂಪಿದೆ, ಮುಚ್ಚಳ ಯಾವಾಗ ತೆಗೆದರು, ಕರೆಂಟ್ ಬಂತೋ ಹೋಯಿತೋ ಎಂದು ಅದು ಸದಾ ಸಾಲು ಸಾಲು ಬರೆದುಕೊಂಡು ಟೆಲಿಫೋನ್ ತಂತಿಯ ಮೇಲೆ ಗೋಕಾಕಕ್ಕೆ ಕಳಿಸುತ್ತಿತ್ತು. ಆ ಸಾಲುಗಳಿಗೆ ಲಾಗ್ ಎಂದು ಹೆಸರು. ಒಳಗೆ ಬ್ಯಾಟರಿ ಇದ್ದುದರಿಂದ ಕರೆಂಟ್ ಹೋದರೂ ಪೆಟ್ಟಿಗೆಯ ಬಾಯಿ ಮುಚ್ಚುತ್ತಿರಲಿಲ್ಲ. ಎಲ್ಲವೂ ಗೋಕಾಕದ ಒಂದೇ ಕಂಪ್ಯೂಟರಿನಲ್ಲಿ ರಾಶಿ ಬೀಳುತ್ತಿತ್ತು. "ಕಲ್ಲೋಳಿದು ಎಲ್ಲಾ ತೋರಿಸು" ಎಂದು ಯಾರಾದರೂ ದಡ್ಡತನದಿಂದ ಕೇಳಿದರೆ ಆ ಬಡಪಾಯಿ ಯಂತ್ರ ಮಧ್ಯಾಹ್ನದವರೆಗೂ ಗುರುಗುಡುತ್ತ ಕೂತುಬಿಡುತ್ತಿತ್ತು. ಅಷ್ಟರಲ್ಲಿ ರೈತರ ಬಿಲ್ಲು ಪ್ರಿಂಟಾಗದೆ ಕಿಟಕಿಯಲ್ಲಿ ಜಗಳ ಶುರು.

"ಇಡೀ ಬಣವಿ ಕಿತ್ತಿ ಸೂಜಿ ಹುಡುಕಬ್ಯಾಡ್ರಿ," ಎನ್ನುತ್ತಿದ್ದಳು ವಂದನಾ. "ಮೊದಲ ಯಾರ ಹೊಲದ ಬಣವಿ ಅಂತ ಕೇಳ್ರಿ. ಆಮ್ಯಾಲೆ ಯಾವ ಮೂಲಿ ಅಂತ ಕೇಳ್ರಿ. ಸೂಜಿ ಕಡೀಕ."

ಮೊದಲು ದಿನ, ನಂತರ ಊರು, ಆಮೇಲೆ ಬೇಡದ ಸಾಲುಗಳನ್ನು ಜರಡಿ ಹಿಡಿಯುವುದು, ಕೊನೆಗೆ ಬೇಕಾದ ಮಾತು. ಇದು ಅವಳ ಪದ್ಧತಿ. ಜರಡಿಯಲ್ಲಿ ಅವಳು ಎಲ್ಲಕ್ಕಿಂತ ಮುಂಚೆ ಚೆಲ್ಲುತ್ತಿದ್ದುದು 'ಪವರ್ ಆಫ್' ಎಂಬ ಸಾಲುಗಳನ್ನು. "ನಮ್ಮ ಕಡೆ ಕರೆಂಟ್ ಹೋಗೂದು ಸುದ್ದಿ ಏನ್ರಿ? ಇದ್ರ ಸುದ್ದಿ," ಎಂದು ನಗುತ್ತಿದ್ದಳು. ಅಷ್ಟು ಮಾಡಿದರೆ ರಾಶಿ ಅರ್ಧಕ್ಕರ್ಧ ಇಳಿಯುತ್ತಿತ್ತು, ಉತ್ತರ ಚಿಟಿಕೆ ಹೊಡೆಯುವುದರೊಳಗೆ ಬರುತ್ತಿತ್ತು.

ಆ ವರ್ಷ ಮಳೆಗಾಲ ಹಿಡಿದಾಗಿನಿಂದ ಕಲ್ಲೋಳಿಯ ಹಾಲು ಕೆಡತೊಡಗಿತು. ದಿನಾ ಅಲ್ಲ, ಆಗಾಗ. ರಾತ್ರಿ ಟ್ಯಾಂಕರ್ ಬಂದಾಗ ಹಾಲು ಬೆಚ್ಚಗಿರುತ್ತಿತ್ತು, ಊರವರ ಕಣ್ಣೆದುರೇ ಗಟಾರಕ್ಕೆ ಹೋಗುತ್ತಿತ್ತು. ಸಿಟ್ಟೆಲ್ಲ ಬಿದ್ದದ್ದು ಟ್ಯಾಂಕು ನೋಡಿಕೊಳ್ಳುವ ಆಮ್ರಪಾಲಿಯ ಮೇಲೆ. ದಲಿತರ ಕೇರಿಯ ಹೆಣ್ಣುಮಗಳು ತರಬೇತಿ ಮುಗಿಸಿ ಬಂದು ಊರ ಹಾಲನ್ನೆಲ್ಲ ಅಳೆಯುವುದು ಕೆಲವರಿಗೆ ಮೊದಲಿನಿಂದಲೂ ಗಂಟಲಲ್ಲಿ ಸಿಕ್ಕ ಮುಳ್ಳು. ಅವರಿಗೆ ಒಂದು ನೆವ ಬೇಕಿತ್ತು. ಸಂಜೆ ಹಾಲು ತುಂಬಿದ ಮೇಲೆ ರೊಟ್ಟಿ ಬಡಿಯಲು ಮನೆಗೆ ಓಡುತ್ತಾಳೆ, ಮಶೀನು ಚಾಲೂ ಮಾಡುವುದಿಲ್ಲ ಎಂದು ಆಡಿಕೊಂಡರು.

ಲಾಗ್ ಏನು ಹೇಳುತ್ತದೆ ನೋಡು ಎಂದರು ಶಿದ್ಲಿಂಗಪ್ಪ. ವಂದನಾ ಬೆರಳ ನೆಟಿಕೆ ಮುರಿದು ಕೂತಳು. ಮಳೆಗಾಲದ ತಿಂಗಳುಗಳು, ಕಲ್ಲೋಳಿ, ಆಮ್ರಪಾಲಿಯ ಪಾಳಿ, ಪವರ್ ಆಫ್ ಚೆಲ್ಲು, ಕಾವು ಏರಿದ್ದಷ್ಟೇ ತೋರಿಸು. ಚಹಾ ಆರುವುದರೊಳಗೆ ಉತ್ತರ ಬಂತು. ಹಾಲು ಕಾವೇರಿದ್ದೆಲ್ಲ ಆಮ್ರಪಾಲಿಯ ಪಾಳಿಯಲ್ಲೇ.

"ಮುಗೀತಲ್ಲ," ಎಂದರು ಶಿದ್ಲಿಂಗಪ್ಪ. "ನಾಳೆ ಹೋಗಿ ಆಕಿ ಕಡೆಯಿಂದ ಶೆಡ್ಡಿನ ಕೀಲಿಕೈ ಇಸಗೋತೀನಿ."

ಅಂದು ಸಂಜೆ ವಂದನಾ ಕಲ್ಲೋಳಿಯಲ್ಲಿ ಬಸ್ಸಿಳಿದಾಗ ಆಮ್ರಪಾಲಿ ಕಾಯುತ್ತ ನಿಂತಿದ್ದಳು. "ಮಶೀನ್ ಏನಂತೈತ್ರಿ ವಂದನಕ್ಕಾ? ನಾ ಚಾಲೂ ಮಾಡೇ ಹೋಗ್ತೇನ್ರಿ, ಖರೇನ. ಈ ಪಗಾರ ಹೋತಂದ್ರ ಮತ್ತ ಮಂದಿ ಹೊಲದಾಗ ಕಳೆ ತಗ್ಯಾಕ ಹೋಗೂದ ನನ್ನ ಹಣೇಬಾರ."

ಬೆಳಿಗ್ಗೆ ಅಷ್ಟು ಚುರುಕಾಗಿದ್ದ ವಂದನಾ ಈಗ ಹೆಗಲ ಚೀಲ ಸರಿಮಾಡಿಕೊಂಡಳು. ನಾಳೆ ನೋಡೋಣ ಎಂದು ಮನೆಗೆ ನಡೆದಳು.

ಮನೆಯಲ್ಲಿ ಅವ್ವ ತಾಟು ಹಾಕಿಕೊಂಡು ಅವಸರ ಮಾಡುತ್ತಿದ್ದಳು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವಂತಿಲ್ಲ. "ಲಗೂನ ಉಣ್ಣು, ಹೊತ್ತ ಮುಳುಗಾಕ ಬಂತು."

"ಇನ್ನೂ ಆರೂ ಹೊಡದಿಲ್ಲ ತಡಿಯವಾ."

"ಆಷಾಢದಾಗ ಏಳರ ತನಕಾ ಉಂಡಿ ಅಂತ ದಸರಾದಾಗೂ ಉಣ್ಣಾಕ ಬರತೈತೇನ? ನಮ್ಮ ಊಟದ ಗಡಿಯಾರ ಗ್ವಾಡಿ ಮ್ಯಾಲಿಲ್ಲ, ಮುಗಿಲಾಗ ಐತಿ."

ವಂದನಾಳ ಕೈ ತುತ್ತಿನಲ್ಲೇ ನಿಂತಿತು. ಬೆಳಿಗ್ಗೆ ನೋಡಿದ ಸಾಲುಗಳು ಕಣ್ಣ ಮುಂದೆ ಬಂದವು. ಆಷಾಢದಲ್ಲಿ ಕಾವು ಏರಿದ್ದು ಏಳೂವರೆ ದಾಟಿದ ಮೇಲೆ. ಶ್ರಾವಣದಲ್ಲಿ ಸ್ವಲ್ಪ ಮೊದಲು. ಈಗ ಆಶ್ವೀಜದಲ್ಲಿ ಇನ್ನೂ ಮೊದಲು. ಮೈಗಳ್ಳರು ಮನಸ್ಸು ಬಂದಂತೆ ಮೈಗಳ್ಳತನ ಮಾಡುತ್ತಾರೆ, ಸೂರ್ಯನನ್ನು ನೋಡಿಕೊಂಡಲ್ಲ! ಅವಳು ಗಬಗಬ ಉಂಡು ಕೈ ತೊಳೆದು, ದಿನದಿನದ ಸೂರ್ಯಾಸ್ತ ಅಚ್ಚಾಗಿದ್ದ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಚೀಲಕ್ಕೆ ತುರುಕಿದಳು. ಅವ್ವ ಬೈದದ್ದು ಕಿವಿಗೆ ಬೀಳಲಿಲ್ಲ.

ಮರುದಿನ ಪ್ರಶ್ನೆಯನ್ನು ಬುಡದಿಂದ ಬರೆದಳು. ಆಮ್ರಪಾಲಿಯ ಹೆಸರನ್ನು ಅಳಿಸಿದಳು. ತಾನೇ ಚೆಲ್ಲಿದ್ದ ಪವರ್ ಆಫ್ ಸಾಲುಗಳನ್ನು ವಾಪಸ್ಸು ಕರೆದಳು. ಆದರೆ ರಾಶಿಯನ್ನಲ್ಲ, ಆಯಾ ದಿನ ಹೊತ್ತು ಮುಳುಗುವ ಆಸುಪಾಸಿನ ಸಣ್ಣ ತುಂಡನ್ನು ಮಾತ್ರ. ಮೂಡಲಗಿಗೂ ಕಲ್ಲೋಳಿಗೂ ಒಂದೇ ಲೈನಿನ ಕರೆಂಟು. ಹಾಗಾಗಿ ಮೂಡಲಗಿಯಲ್ಲಿ ಕರೆಂಟ್ ಇದ್ದು ಕಲ್ಲೋಳಿಯಲ್ಲಿ ಮಾತ್ರ ಹೋದದ್ದನ್ನು ತೋರಿಸು ಎಂದಳು. ಯಂತ್ರ ಗುರುಗುಡಲೂ ಇಲ್ಲ. ಮಳೆ ಹಿಡಿದ ಮೇಲೆ ದಿನಾ ಸಂಜೆ ಕಲ್ಲೋಳಿಯ ಟ್ಯಾಂಕಿನ ಕರೆಂಟು ಒಂಟಿಯಾಗಿ ಹೋಗಿತ್ತು. ಕರೆಂಟು ಬೇಗ ವಾಪಸ್ಸು ಬಂದ ದಿನ ಹಾಲು ಉಳಿದಿತ್ತು, ತಡವಾದ ದಿನ ಕೆಟ್ಟಿತ್ತು.

"ಇದು ಲೈನ್‌ಮನ್ ಕೆಲಸ ಅಲ್ರಿ. ಯಾರದೋ ಕೈ ಐತಿ," ಎಂದಳು.

"ಯಾರದು?" ಎಂದರು ಶಿದ್ಲಿಂಗಪ್ಪ.

"ಯಾರು ಅಂತ ಇನ್ನ ಮ್ಯಾಲೆ ನಾ ಮೊದಲ ಹೇಳೂದಿಲ್ರಿ. ಯಾವಾಗ ಅಂತ ಹೇಳ್ತೀನಿ. ಇವತ್ತ ಹೊತ್ತ ಮುಳುಗೂ ಮುಂದ ಕಲ್ಲೋಳಿಗೆ ಬರ್ರಿ."

ಟ್ಯಾಂಕು ಇದ್ದದ್ದು ಕುಂಥುನಾಥ ಕಾಕಾನ ಅಂಗಳದ ಶೆಡ್ಡಿನಲ್ಲಿ. ವಂದನಾಳಿಗೆ ಸಂಬಂಧದಲ್ಲಿ ದೊಡ್ಡಪ್ಪ, ಊರಿಗೆಲ್ಲ ಕಾಕಾ. ಸಂಘಕ್ಕೆ ಜಾಗ ಪುಕ್ಕಟೆ ಕೊಟ್ಟ ಪುಣ್ಯಾತ್ಮ. ಇರುವೆ ಕಾಲಡಿ ಸಿಕ್ಕೀತೆಂದು ನೆಲ ನೋಡಿ ಹೆಜ್ಜೆ ಇಡುವ ಮನುಷ್ಯ. ಅವನ ಮೇಲೆ ಯಾರೂ ಸಂಶಯ ಪಡುವಂತಿರಲಿಲ್ಲ, ಪಡಲೂ ಇಲ್ಲ.

ಸಂಜೆ ವಂದನಾ, ಶಿದ್ಲಿಂಗಪ್ಪ ಇಬ್ಬರೂ ಬೇವಿನ ಗಿಡದ ಮರೆಯಲ್ಲಿ ನಿಂತರು. ಆಮ್ರಪಾಲಿ ಹಾಲು ತುಂಬಿಸಿ, ಟ್ಯಾಂಕು ಚಾಲೂ ಮಾಡಿ, ಕೀಲಿ ಹಾಕಿ, ಓಣಿ ಸುತ್ತಿ ಬಂದು ಇವರ ಬಾಜೂ ನಿಂತಿದ್ದಳು. ಟ್ಯಾಂಕು ಗುಂಯ್ ಎನ್ನುತ್ತಿದ್ದುದು ಎಲ್ಲರಿಗೂ ಕೇಳುತ್ತಿತ್ತು. ಶೆಡ್ಡಿನ ಬಾಗಿಲ ಮೇಲಿನ ಬಲ್ಬಿಗೆ ಹುಳ ಮುತ್ತತೊಡಗಿದವು. ಊಟ ಮುಗಿಸಿದ ಕಾಕಾ ಬಾಯಿ ಒರೆಸುತ್ತ ಹೊರಗೆ ಬಂದ. ಸುಟ್ಟು ಬೀಳುವ ಹುಳಗಳನ್ನು ನೋಡಿ 'ಚ್ಚ್ ಚ್ಚ್' ಎಂದ. ಬಲ್ಬಿಗೆ ಬೇರೆ ಸ್ವಿಚ್ಚಿಲ್ಲ, ಹೊರಗೋಡೆಯ ಮೇನ್ ಸ್ವಿಚ್ಚನ್ನೇ ಕೆಳಗೆಳೆದ. ಬಲ್ಬು ಆರಿತು. ಟ್ಯಾಂಕಿನ ಸದ್ದೂ ನಿಂತಿತು.

"ಕಾಕಾ!" ಎಂದು ವಂದನಾ ಮುಂದೆ ಬಂದಳು.

ಕಾಕಾ ಸ್ವಲ್ಪವೂ ಅಂಜಲಿಲ್ಲ. "ಹುಳ ಸಾಯ್ತಾವಲ್ಲವಾ. ಚಾತುರ್ಮಾಸದಾಗ ನಮ್ಮ ಅಂಗಳದಾಗ ಜೀವ ಹೋಗಬಾರ್ದು. ಬಸದಿಗೆ ಹೋಗಿ ಪ್ರವಚನ ಕೇಳಿ ಬಂದು ಹಾಕ್ತೇನಿ."

"ಟ್ಯಾಂಕೂ ಬಂದ್ ಆಗತೈತ್ರಿ. ಪ್ರವಚನ ಲಂಬಾದ ದಿನಾ ಹಾಲು ಕೆಡತೈತಿ."

"ಅಷ್ಟು ದಪ್ಪ ಉಕ್ಕು, ಥರ್ಮಾಸ್ ಇದ್ದಂಗ ತಂಪ ಹಿಡ್ಕೊಂಡಿರತೈತಿ ಅಂದ್ಕೊಂಡಿದ್ನಿ..." ಕಾಕಾನ ಮುಖ ಸಣ್ಣದಾಯಿತು. ಕಟ್ಟೆಯ ಮೇಲೆ ಕುಸಿದು ಕೂತ. "ಊರಾಗ ಎಲ್ಲಾರ ಜೋಡಿ ನಾನೂ ಈ ಹುಡುಗೀಗೇ ಬೈದ್ನಲ್ಲವಾ."

ಆಮ್ರಪಾಲಿ ಅವನತ್ತ ನೋಡಲಿಲ್ಲ. ವಂದನಾಳನ್ನೇ ನೋಡಿದಳು. "ಮೊದಲನೇ ಸಲ ಮಶೀನ್ ಯಾಕ ಇದನ್ನ ಹೇಳಲಿಲ್ರಿ?"

ಯಾವ ಪ್ರಶ್ನೆಗೂ ಸೋಲದ ವಂದನಾ ಇದಕ್ಕೆ ತಲೆ ತಗ್ಗಿಸಿದಳು. "ನಿನ್ನ ಹೆಸರ ಹಾಕಿ ಹುಡುಕಿದ್ನಿ. ನಿನ್ನ ಹೆಸರ ಹಾಕಿದ್ರ ನೀನ ಸಿಗ್ತಿ."

"ಊರ ಮಂದೀನೂ ಹಂಗ ಹುಡುಕಿದ್ರು," ಎಂದಳು ಆಮ್ರಪಾಲಿ.

ಅವಳು ಅಂಗಳ ದಾಟಿ ಹೋಗಿ, ಸೆರಗಿನ ತುದಿಯಿಂದ ಬಿಸಿ ಬಲ್ಬನ್ನು ತಿರುವಿ ತೆಗೆದಳು. ಆಮೇಲೆ ಮೇನ್ ಸ್ವಿಚ್ಚನ್ನು ಮೇಲಕ್ಕೆ ತಳ್ಳಿದಳು. ಕತ್ತಲಲ್ಲೇ ಟ್ಯಾಂಕು ಗುಂಯ್ ಎಂದಿತು.

"ಇದನ್ನ ಒಳಗ ಇಡ್ರಿ ಕಾಕಾ," ಎಂದು ಬಲ್ಬನ್ನು ಅವನ ಕೈಗೆ ಕೊಟ್ಟಳು. "ಹುಳಾನೂ ಬದುಕ್ತಾವು, ಹಾಲೂ ಉಳಿತೈತಿ."

ಕೀಲಿಕೈ ಅವಳ ಸೊಂಟದಲ್ಲೇ ಇತ್ತು. ಶಿದ್ಲಿಂಗಪ್ಪನವರು ಅದನ್ನು ಕೇಳಲಿಲ್ಲ.