ಕಿರಿಯ ದರ್ಜಿಯ ತಿದ್ದುಪಡಿ

ಸೊಸೆ ಒಂಬತ್ತನೆಯ ಫ್ಲಾಪಿಯನ್ನು ಹೊರಗೆಳೆದು, ಅತ್ತೆ ಮಾಡುತ್ತಿದ್ದ ಹಾಗೆಯೇ ಅಂಗೈಗೆ ಮೆಲ್ಲಗೆ ಎರಡು ಸಲ ತಟ್ಟಿ, ಮತ್ತೆ ಒಳಗೆ ತಳ್ಳಿದಳು. ಹಳೆಯ ಕಂಪ್ಯೂಟರು ಕೆಮ್ಮಿತು. ಓದಲಾಗುತ್ತಿಲ್ಲ, ಇನ್ನೊಮ್ಮೆ ಹಾಕಿ ಎಂದು ಪರದೆ ನಾಲ್ಕನೆಯ ಸಲ ಹೇಳಿತು.

ಪಕ್ಕದ ಕೋಣೆಯಲ್ಲಿ ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು. ನಾಲ್ಕು ಗಂಟೆಗೆ ಎತ್ತುವುದೆಂದು ಮಾತಾಗಿತ್ತು, ಈಗ ಮೂರು. ಮನೆಯಲ್ಲಿ ಹೆಣ ಇಟ್ಟುಕೊಂಡು ಇವಳಿಗೇನು ಈ ಆಟ ಎಂದು ಅತ್ತೆಯ ತಂಗಿ ಬಾಗಿಲಲ್ಲಿ ನಿಂತು ಗೊಣಗಿ ಹೋಗಿದ್ದರು. ಆಮೇಲೆ ಗಂಡ ಬಂದ.

"ಅವ್ರು ಬಂದಿದಾರೆ ಕಣೇ. ಗೇಟಿನ ಹತ್ರ ನಿಂತಿದಾರೆ. ಒಳಗೆ ಬರಲ್ವಂತೆ."

"ಯಾರು, ದಿವಂಗತರಾ?"

"ಹ್ಞೂಂ."

"ಹೋಗ್ಬಿಡದ ಹಾಗೆ ನೋಡ್ಕೊಳ್ಳಿ. ಇದೊಂದು ಹೋದ್ರೆ ಇನ್ನು ನಾಲ್ಕೇ ಫ್ಲಾಪಿ."

*

ಅತ್ತೆ ಅಚ್ಚುಕೂಟದಲ್ಲಿ ಟೈಪು ಮಾಡಿ ಬದುಕು ಸವೆಸಿದವರು. ಊರಿನ ಮದುವೆ, ಸಾವು ಎಲ್ಲವೂ ಅವರ ಬೆರಳು ದಾಟಿಯೇ ಹೋಗಬೇಕು. ಇಪ್ಪತ್ತೆಂಟು ವರ್ಷದ ಹಿಂದೆ, ದರ್ಜಿ ಸಹೋದರರಲ್ಲಿ ಅಣ್ಣ ತೀರಿಕೊಂಡಾಗ, ಸಾವಿನ ಪ್ರಕಟಣೆಯಲ್ಲಿ 'ಹಿರಿಯವರು' ಎಂದು ಹೊಡೆಯಬೇಕಾದಲ್ಲಿ 'ಕಿರಿಯವರು' ಎಂದು ಬಿತ್ತು. ಒಂದೇ ಅಕ್ಷರ. ಹೂವು ಹಿಡಿದು ಬಂದವರು ಅಣ್ಣನ ತಲೆಯ ಬಳಿ ಕೂತಿದ್ದ ತಮ್ಮನನ್ನು ಕಂಡು ಮೊದಲು ಬೆಚ್ಚಿದರು. ಆಮೇಲೆ ನಗು ತಡೆಯಲಾಗದೆ ಬಾಯಿಗೆ ಕೈ ಅಡ್ಡ ಹಿಡಿದರು. ಅಂದಿನಿಂದ ತಮ್ಮನಿಗೆ 'ದಿವಂಗತ' ಎಂಬ ಹೆಸರೇ ಅಂಟಿತು. ಹೆಸರನ್ನೇನೋ ಅವರು ಸಹಿಸಿಕೊಂಡರು. ತನ್ನನ್ನು ಸಾಕಿದ ಅಣ್ಣನಿಗಾಗಿ ಅಳಬೇಕಿದ್ದ ದಿನ ಊರು ನಕ್ಕಿತಲ್ಲ, ಅದನ್ನು ಸಹಿಸಲಿಲ್ಲ. ಅತ್ತೆ ಹುಡುಕಿಕೊಂಡು ಹೋದರೆ, "ಸತ್ತವನ ಹತ್ರ ಏನಮ್ಮ ಮಾತು?" ಎಂದು ಕದ ಹಾಕಿಕೊಂಡರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು; ಅಚ್ಚಾದ ಅಕ್ಷರವೂ ಹಾಗೆಯೇ. ಅತ್ತೆ ಆ ಸಂಜೆಯೇ ತಿದ್ದುಪಡಿ ಬರೆದಿದ್ದರು. ಸಾವಿನ ಮನೆ ಇನ್ನೊಮ್ಮೆ ನಗೆಪಾಟಲಾಗುವುದು ಬೇಡವೆಂದು ಅಚ್ಚುಕೂಟದ ಯಜಮಾನರು ಅಚ್ಚು ಹಾಕಲಿಲ್ಲ. ಅದು ಫ್ಲಾಪಿಯಲ್ಲೇ ಉಳಿಯಿತು. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಆ ಕಾಲದ ಅಕ್ಷರವೆಲ್ಲ ಕಾಗೆ ಕಾಲು ಗುಬ್ಬಿ ಕಾಲು. ಅದಕ್ಕೇ ಮೂರು ತಿಂಗಳಿಂದ ಅತ್ತೆ ಅಟ್ಟದ ಮೇಲಿನ ಯಂತ್ರ ಇಳಿಸಿಕೊಂಡು, ಅದಕ್ಕೆ ಆ ಕಾಲದ್ದೇ ತಂತ್ರಾಂಶವನ್ನು ಹದಿಮೂರು ಫ್ಲಾಪಿಗಳಿಂದ ಕೂಡಿಸಲು ಕೂತಿದ್ದರು. ಹೊಸದಾಗಿ ಬರೆದುಕೊಟ್ಟರೆ ಆಗದೇ ಎಂದು ಸೊಸೆ ಕೇಳಿದ್ದಳು.

"ಹೊಸದು ಇವತ್ತಿನ ಮಾತಾಗುತ್ತಮ್ಮ. ಅವತ್ತೇ ಬರೆದಿದ್ದೆ ಅಂತ ಅವರಿಗೆ ಗೊತ್ತಾಗ್ಬೇಕು. ಫೈಲಿನ ಪಕ್ಕ ತಾರೀಖಿದೆ. ನಾನಿಲ್ದಿದ್ರೂ ಓದ್ಸು."

*

ಏಳನೆಯ ಸಲಕ್ಕೆ ಒಂಬತ್ತನೆಯದು ಒಳಗಿಳಿಯಿತು. ಸೊಸೆ ಮನಸ್ಸಿನಲ್ಲೇ ದೇವರಿಗೆ ಕೈಮುಗಿದಳು. ಉಳಿದವು ತಕರಾರಿಲ್ಲದೆ ಹೋದವು. ಕೊನೆಗೆ ತಿದ್ದುಪಡಿಯಿದ್ದ ಫ್ಲಾಪಿ ಹಾಕಿದಳು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವಳೇ ಗೇಟಿಗೆ ನಡೆದಳು. ಅತ್ತೆ ಅವತ್ತೇ ಬರೆದಿಟ್ಟ ತಿದ್ದುಪಡಿ ಓದಿ, ಆಮೇಲೆ ಬೇಕಾದರೆ ಹೊರಟುಬಿಡಿ ಎಂದಳು.

ದರ್ಜಿ ಬಂದು ಕೂತರು. ಕನ್ನಡಕ ಏರಿಸಿ ಮೊದಲು ತಾರೀಖು ನೋಡಿದರು. ಬಹಳ ಹೊತ್ತು ಅದನ್ನೇ ನೋಡಿದರು. ಸೊಸೆ ಫೈಲು ತೆರೆದಳು.

'ತೀರಿಕೊಂಡವರು ದರ್ಜಿ ಸಹೋದರರಲ್ಲಿ ಕಿರಿಯವರಲ್ಲ, ಕಿರಿಯವರು ಎಂದು ತಿದ್ದಿ ಓದಿಕೊಳ್ಳಬೇಕು. ದಯವಿಟ್ಟು ಕ್ಷಮಿಸಿ.'

'ಹಿರಿಯವರು' ಎನ್ನಬೇಕಾದಲ್ಲಿ ಮತ್ತದೇ ಅಕ್ಷರ ಬಿದ್ದಿತ್ತು. ಸೊಸೆ ತಿದ್ದಲೆಂದು ಕೀಲಿಮಣೆಗೆ ಕೈ ಚಾಚುವಷ್ಟರಲ್ಲಿ ಪಕ್ಕದ ಭುಜ ಅಲುಗುತ್ತಿರುವುದು ಕಂಡಿತು. ಅಳುತ್ತಿದ್ದಾರೆಂದು ತಿರುಗಿದರೆ, ಮುದುಕರು ನಗುತ್ತಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು.

"ಮುಟ್ಬೇಡಮ್ಮ, ಇರ್ಲಿ," ಎಂದರು. "ನಮ್ಮಣ್ಣನ್ನ ಸಾಯ್ಸೋಕೆ ಆ ಕೈಗೆ ಎರಡನೇ ಸಲಾನೂ ಮನಸ್ಸು ಬರ್ಲಿಲ್ಲ ನೋಡು."

ಆಚೆ ನಾಲ್ವರು ಎತ್ತಲು ಬಾಗಿದ್ದರು. ದರ್ಜಿ ಹೋಗಿ, ಒಂದು ನಿಮಿಷ ಎಂದು ಅವರನ್ನು ತಡೆದು, ನೆಲಕ್ಕೆ ಮಂಡಿಯೂರಿದರು. ಅತ್ತೆಯ ಮೇಲೆ ಹೊದಿಸಿದ್ದ ಬಟ್ಟೆಯ ಸುಕ್ಕನ್ನು ಹೆಬ್ಬೆರಳಿನಿಂದ ಉದ್ದಕ್ಕೂ ನೀವಿದರು. ಅಂಚಿನಲ್ಲಿ ಒಂದು ಎಳೆ ಎದ್ದಿತ್ತು. ಬಾಗಿ, ಅದನ್ನು ಹಲ್ಲಿನಿಂದ ಕಡಿದರು.