ಬಚ್ಚಲಿಗೊಂದು ಚಿಲಕ

ಆ ಮನೆಯ ಬಚ್ಚಲಿಗೆ ಚಿಲಕವಿರಲಿಲ್ಲ. ಒಳಗಿದ್ದವರು ಹಾಡುತ್ತಿರಬೇಕು, ಹಾಡು ಕೇಳಿದರೆ ಹೊರಗಿನವರು ಬಾಗಿಲು ತಳ್ಳಬಾರದು. ಇದು ಬಹುಕಾಲದ ಏರ್ಪಾಡು. ಮಗಳ ಮದುವೆಗೆ ಮುಂಚೆ ಚಿಲಕ ಹಾಕಿಸಿ ಎಂದು ಅಮ್ಮ ಗೋಗರೆಯುತ್ತಿದ್ದಳು. ಅಪ್ಪನಿಗೆ ಮಾತ್ರ ಆ ದುಡ್ಡಿನಲ್ಲಿ ಮದುವೆ ಛತ್ರದ ಕುರ್ಚಿಗಳ ಬೆನ್ನಿಗೆ ರೇಷ್ಮೆ ರಿಬ್ಬನ್ ಕಟ್ಟಿಸುವ ಹುಚ್ಚು.

“ಚಿಲಕ ಯಾರ ಕಣ್ಣಿಗೆ ಬೀಳುತ್ತೆ ಕಣೇ?”

“ಚಿಲಕ ಇಲ್ದಿದ್ರೆ ಏನೇನೋ ಕಣ್ಣಿಗೆ ಬೀಳುತ್ತೆ ರೀ!”

ಒಂದು ದಿನ ಮದುವೆ ಮಾತುಕತೆಗೆ ಬಂದ ಗಂಡಿನ ಅಪ್ಪ ಸ್ನಾನಕ್ಕೆ ಹೊರಟರು. ಅಮ್ಮ ನಾಚುತ್ತಲೇ ಏರ್ಪಾಡು ತಿಳಿಸಿದಳು. ಒಳಗೆ ಹಾಡು ಶುರುವಾಯಿತು. ಹಿತ್ತಲ ಹಸು ಹಗ್ಗ ಕಿತ್ತುಕೊಂಡು ಓಡಿತು.

ಬಹಳ ಹೊತ್ತಿನ ಮೇಲೆ ಅವರು ಹಿಗ್ಗುತ್ತಾ ಹೊರಬಂದರು.

“ನಮ್ಮನೇಲಿ ಹಾಡೋಕೇ ಬಿಡಲ್ಲ ಬೀಗರೇ. ಇನ್ಮೇಲೆ ದಿನಾ ಸ್ನಾನಕ್ಕೆ ಇಲ್ಲಿಗೇ ಬರ್ತೀನಿ!”

ಅಪ್ಪ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.

“ರಿಬ್ಬನ್‌ಗಾ?” ಅಮ್ಮ ಕೇಳಿದಳು.

“ಚಿಲಕಕ್ಕೆ ಕಣೇ. ಒಂದಲ್ಲ, ಎರಡು!”